ಕೆಳಬದಿ

“ಬಾಯಿ ಬಿಡು ರಂಡೆ. ನಿನ್ನ ಗಂಡ ಕುಡಿದಿದ್ನಾ ಇಲ್ವಾ? ಅಷ್ಟೇ ಕೇಳಿದ್ದು. ಅದಕ್ಕೂ ಮುಹೂರ್ತ ನೋಡ್ಬೇಕಾ ನಿಂಗೆ?”

ಮೇದಪ್ಪ ಧಣಿ ಪಂಚಾಯತಿ ಆಫೀಸಿನ ಜಗಲಿಯಿಂದ ಅಂಗಳಕ್ಕೆ ಉಗುಳಿದ. ಎಲೆಯಡಿಕೆಯ ಕೆಂಪು ಸೇವಂತಿಯ ಪಾದದ ಹತ್ತಿರ ಬಿತ್ತು. ಅವಳು ಕಾಲು ತೆಗೆಯಲಿಲ್ಲ. ಕಾಲನಿಯವರು ನಿಲ್ಲುವುದು ಅಂಗಳದಲ್ಲಿ. ಜಗಲಿಯ ಕುರ್ಚಿಗಳಲ್ಲಿ ಚೇರ್ಮನ್ ಆದ ಧಣಿ, ಪುತ್ತೂರಿನ ಕಡೆಯಿಂದ ಬಂದ ಬ್ಲಾಕ್ ಆಫೀಸಿನ ಸಾಹೇಬ, ಧಣಿಯ ಮಗ ದೇವದಾಸ. ದೇವದಾಸ ಜೀಪಿನ ಕೀಲಿಯನ್ನು ಬೆರಳಿಗೆ ಸಿಕ್ಕಿಸಿ ತಿರುಗಿಸುತ್ತಿದ್ದ.

ಸೇವಂತಿಯ ಗಂಡ ಬೋಜ ಸತ್ತದ್ದು ಆ ಜೀಪಿಗೆ ಸಿಕ್ಕಿ.

“ಹೇಳಮ್ಮ,” ಎಂದ ಸಾಹೇಬ. ಅವನ ಕೈಯಲ್ಲಿ ಎಳನೀರಿತ್ತು. “ಹೆದರಬೇಡ. ಕುಡಿದು ಅಡ್ಡ ಬಂದದ್ದಾದರೆ ಅದು ಆಕಸ್ಮಿಕ. ರಸ್ತೆಯಲ್ಲಿ ಗಾಡಿ ಬಿಡುವ ವಿಷಯಕ್ಕೆ ತೊಂದರೆ ಇಲ್ಲ.”

ಬೋಜ ಕುಡಿಯುತ್ತಿರಲಿಲ್ಲ. ಅದು ಧಣಿಗೂ ಗೊತ್ತಿತ್ತು. ಕುಡಿಯದ ಆಳೆಂದೇ ಅವನನ್ನು ಅಡಿಕೆ ಮರ ಹತ್ತಿಸುತ್ತಿದ್ದ.

ಸೇವಂತಿ ಹಿಂದೆ ತಿರುಗಿ ನೋಡಿದಳು. ಹೆಂಗಸರು ಖಾಲಿ ಕೊಡಗಳನ್ನು ಸೊಂಟಕ್ಕಿಟ್ಟುಕೊಂಡು ನಿಂತಿದ್ದರು. ಕಾಲನಿಗೆ ಕುಡಿಯುವ ನೀರು ಧಣಿಯ ಜಾಗದ ಒರತೆಯಿಂದ ಅಡಿಕೆ ಮರ ಸೀಳಿ ಕೊರೆದ ದಂಬೆಯಲ್ಲಿ ಹರಿದು ಬರುತ್ತಿತ್ತು. ಬೋಜನ ಹೆಣ ಸುಟ್ಟ ಮಾರನೆಯ ದಿನ ಯಾರೋ ದಂಬೆಯನ್ನು ಬೇರೆ ಕಡೆಗೆ ತಿರುಗಿಸಿದ್ದರು. ಕೊಡಗಳ ನಡುವೆ ಬೋಜನ ಅಪ್ಪ ಚನಿಯಪ್ಪ ತಲೆತಗ್ಗಿಸಿ ನಿಂತಿದ್ದ.

“ಕುಡಿದಿದ್ದ,” ಎಂದಳು ಸೇವಂತಿ.

“ನೋಡಿ, ಎಷ್ಟು ಸುಲಭ!” ಧಣಿ ನಕ್ಕ. “ಜತ್ತಪ್ಪ, ಇವರ ದಂಬೆ ಎಲ್ಲೋ ಜಾರಿದೆಯಂತೆ, ಸರಿ ಮಾಡಿಕೊಡು ಮಾರಾಯ.”

ಧಣಿಯ ಮೇಸ್ತ್ರಿ ಜತ್ತಪ್ಪ ತಲೆಯಾಡಿಸಿದ.

ಸಾಹೇಬ ಎಳನೀರು ಮುಗಿಸಿ ಬಾಯಿ ಒರೆಸಿಕೊಂಡ. ಇನ್ನು ಮೇಲೆ ಭಾನುವಾರ ಆಟದ ಗಾಡಿಗಳು ಪಂಚಾಯತಿ ರಸ್ತೆಯಲ್ಲಿ ಓಡಬಹುದು ಎಂದ. ರಸ್ತೆ ಎಲ್ಲರದ್ದು, ಗಾಡಿಯವರೂ ನಡೆಯುವವರೂ ಅದನ್ನು ಹಂಚಿಕೊಳ್ಳಬೇಕು ಎಂದ.

“ಹಂಚುದು ಹೇಗೆ ಸಾಯಬ್ರೆ?” ಕಾಲನಿಯ ಮುದುಕಿ ತಿಮ್ಮಕ್ಕ ಹಿಂದಿನಿಂದ ಕೇಳಿದಳು. “ಅವರಿಗೆ ರಸ್ತೆ, ನಮಗೆ ಚರಂಡಿಯಾ?”

“ಯಾರದು ಆ ಮುದಿ ನಾಯಿ?” ಎಂದ ದೇವದಾಸ.

ಕೀಲಿ ಅವನ ಬೆರಳಿನಲ್ಲಿ ತಿರುಗುತ್ತಲೇ ಇತ್ತು.

*

ಆಟದ ಗಾಡಿ ಎಂದು ಹೆಸರಿಟ್ಟವಳೂ ತಿಮ್ಮಕ್ಕನೇ. ದೇವದಾಸ ಮಂಗಳೂರಿನಿಂದ ತಂದ ಜೀಪಿಗೆ ಹುಡ್ಡು ಇರಲಿಲ್ಲ, ಬಾಗಿಲು ಇರಲಿಲ್ಲ, ನಂಬರು ಇರಲಿಲ್ಲ. ಟಯರು ಮಾತ್ರ ದೊಡ್ಡದು. ಸುಳ್ಯದಿಂದ, ಮಡಿಕೇರಿಯಿಂದ ಅವನ ಗೆಳೆಯರು ಅಂಥವೇ ಜೀಪು ತರುತ್ತಿದ್ದರು. ಧಣಿಯ ಗೇರುಗುಡ್ಡೆಯನ್ನು ಹತ್ತುವುದು, ಇಳಿಯುವುದು, ಕೆಸರಿನಲ್ಲಿ ಹೂತು ಕಿರುಚುವುದು. ಅಡಿಕೆ ಹೊರುವುದಿಲ್ಲ, ಗೊಬ್ಬರ ಹೊರುವುದಿಲ್ಲ.

“ಎಂತಕ್ಕೆ ಅದು?” ಎಂದು ತಿಮ್ಮಕ್ಕ ಕೇಳಿದ್ದಳು.

“ಖುಷಿಗೆ,” ಎಂದಿದ್ದ ಜತ್ತಪ್ಪ.

“ಹಾಗಾದ್ರೆ ಮಕ್ಕಳ ಆಟದ ಗಾಡಿಯೇ. ಮೀಸೆ ಬಂದ ಮಕ್ಕಳು, ಅಷ್ಟೇ.”

ಗೇರುಗುಡ್ಡೆ ಸಾಕಾಯಿತು. ಆಚೆ ರಬ್ಬರಿನ ಗುಡ್ಡೆ ಬೇಕೆನಿಸಿತು. ಎರಡು ಗುಡ್ಡೆಗಳ ನಡುವೆ ಪಂಚಾಯತಿ ರಸ್ತೆ.

ಆ ರಸ್ತೆಯನ್ನು ಕಡಿದದ್ದು ಕಾಲನಿಯವರು. ಕೂಲಿಗಾಗಿ ಕಾಳು ಎಂಬ ಯೋಜನೆ ಬಂದ ವರ್ಷ ಬೋಜ ಮತ್ತು ಚನಿಯಪ್ಪ ಹಾರೆ ಹಿಡಿದರು, ಸೇವಂತಿ ಬುಟ್ಟಿಯಲ್ಲಿ ಮಣ್ಣು ಹೊತ್ತಳು. ಕೂಲಿಯೆಂದು ಗೋಧಿ ಕೊಟ್ಟರು. ಗೋಧಿಯನ್ನು ಏನು ಮಾಡುವುದೆಂದು ಯಾರಿಗೂ ಗೊತ್ತಿರಲಿಲ್ಲ. ಅಕ್ಕಿಯ ಹಾಗೆ ಬೇಯಿಸಿ, ನೀರು ಬಸಿದು, ಉಪ್ಪು ಹಾಕಿ ತಿಂದು ಹೊಟ್ಟೆನೋವಿನಿಂದ ಮಲಗಿದರು. ರಸ್ತೆ ಮುಗಿದ ದಿನ ಬೋಜ ಅದರ ನಟ್ಟನಡುವೆ ಕೈಬೀಸಿಕೊಂಡು ನಡೆದು ತೋರಿಸಿದ್ದ. “ನೋಡು ಸೇವಂತಿ, ಧಣಿ ನಡೆದ ಹಾಗೆ ಉಂಟಾ?” ಎಂದು ಕೇಳಿದ್ದ.

ಹಾಗೆ ನಡೆದದ್ದು ಆ ಒಂದು ದಿನ.

ಮೊದಲು ಅಲ್ಲಿ ಕಾಲುದಾರಿ ಇತ್ತು. ಒಂದು ಬದಿ ಗುಡ್ಡೆ, ಒಂದು ಬದಿ ಇಳಿಜಾರು. ಧಣಿಗಳು ಎದುರಾದರೆ ಕಾಲನಿಯವರು ಕೆಳಬದಿಗೆ ಇಳಿದು ನಿಲ್ಲಬೇಕು. ಮೇಲ್ಬದಿಗೆ ಹತ್ತಿದರೆ ಧಣಿಗಿಂತ ಎತ್ತರವಾಗುತ್ತದೆ. ಹಾಗೆ ಎತ್ತರವಾದದ್ದಕ್ಕೆ ಚನಿಯಪ್ಪನ ಅಣ್ಣನನ್ನು ಹಿಂದೊಮ್ಮೆ ಮರಕ್ಕೆ ಕಟ್ಟಿ ಹೊಡೆದಿದ್ದರು. ದಾರಿ ಅಗಲವಾಗಿ ರಸ್ತೆಯಾದರೂ ಕಾಲು ತಾನಾಗಿ ಕೆಳಬದಿಯನ್ನೇ ಹುಡುಕುತ್ತಿತ್ತು.

ಆ ದಿನ ಬೋಜ ಧಣಿಯ ತೋಟಕ್ಕೆ ಸೊಪ್ಪಿನ ಹೊರೆ ಹೊತ್ತಿದ್ದ. ಹೊರೆ ಹೆಗಲ ತನಕ ಇಳಿದಿತ್ತು. ಅವನಿಗೆ ಕಾಣುತ್ತಿದ್ದದ್ದು ತನ್ನ ಪಾದ ಮಾತ್ರ. ಹಿಂದೆ ಸೇವಂತಿ ತನ್ನ ಹೊರೆಯನ್ನು ಗುಡ್ಡೆಗೆ ಒರಗಿಸಿ ಉಸಿರು ಬಿಡುತ್ತಿದ್ದಳು. ತಿರುವಿನಾಚೆ ಜೀಪಿನ ಸದ್ದು ಕೇಳಿತು. ಬೋಜ ಕೆಳಬದಿಗೆ ಇಳಿದ. ತಿರುವಿನಲ್ಲಿ ಹತೋಟಿ ತಪ್ಪಿದ ಜೀಪು ಅದೇ ಬದಿಗೆ ಜಾರಿಕೊಂಡು ಬಂತು. ನಡುರಸ್ತೆಯಲ್ಲೇ ನಿಂತಿದ್ದರೆ ಅದು ಅವನನ್ನು ದಾಟಿ ಹೋಗುತ್ತಿತ್ತು.

ದೇವದಾಸ ಇಳಿದು ಮೊದಲು ಜೀಪಿನ ದೀಪ ನೋಡಿದ. ಅದಕ್ಕೆ ಅಂಟಿದ್ದ ಸೊಪ್ಪನ್ನು ಕೈಯಲ್ಲಿ ಕಿತ್ತು ಬಿಸಾಡಿದ. ಆಮೇಲೆ ಬೋಜನ ಕಡೆ ನೋಡಿದ.

“ನಾನು ಪೊದೆ ಅಂತ ಗ್ರಹಿಸಿದ್ದು ಮಾರಾಯ್ರೆ,” ಎಂದ ಗೆಳೆಯರಿಗೆ. “ಸೊಪ್ಪು ಮಾತ್ರ ಕಂಡದ್ದು.”

ಅವರಲ್ಲೊಬ್ಬನಿಗೆ ನಗು ಬಂತು. ಅವನು ಬಾಯಿಗೆ ಕೈ ಅಡ್ಡ ಇಟ್ಟುಕೊಂಡ.

ಸೇವಂತಿ ಅದನ್ನು ನೋಡಿದಳು. ಅಂದಿನಿಂದ ಅವಳು ಅತ್ತಿಲ್ಲ.

*

ಮುಂದಿನ ಭಾನುವಾರ ದೊಡ್ಡ ಆಟ ಎಂದು ನಿಶ್ಚಯವಾಯಿತು. ಹೊರಗಿನಿಂದ ಜೀಪುಗಳು ಬರುವುದಿತ್ತು. ಇಳಿಜಾರಿನ ಬುಡದಲ್ಲಿ ರಸ್ತೆ ನೀರು ಹರಿಯುವ ಒಂದು ತೋಡನ್ನು ದಾಟುತ್ತಿತ್ತು. ಮೋರಿ ಕಟ್ಟಲು ಸರಕಾರದಿಂದ ಬಂದ ದುಡ್ಡು ಎಲ್ಲಿಗೋ ಹೋಗಿತ್ತು. ಹಾಗಾಗಿ ಅಲ್ಲಿ ಮರದ ಸಂಕವೇ ಸೇತುವೆ. ಮಳೆ ಬಿಟ್ಟ ಮೇಲೆ ಅದನ್ನು ಬಿಚ್ಚಿ ಕಟ್ಟುವುದು ಪ್ರತಿ ವರ್ಷವೂ ಕಾಲನಿಯ ಬಿಟ್ಟಿ ಕೆಲಸ. ಅಡಿಯಲ್ಲಿ ಬೋಗಿ ಮರದ ದಪ್ಪ ದಿಮ್ಮಿಗಳು, ಮೇಲೆ ಅಡ್ಡಕ್ಕೆ ಸೀಳಿದ ಅಡಿಕೆ ಮರ, ಅದರ ಮೇಲೆ ಸೊಪ್ಪು, ಸೊಪ್ಪಿನ ಮೇಲೆ ಮಣ್ಣು. ಮಣ್ಣನ್ನು ಬಡಿದು ಗಟ್ಟಿ ಮಾಡಿದರೆ ಅಡಿಯಲ್ಲಿ ಏನಿದೆಯೆಂದು ಮೇಲಿನಿಂದ ತಿಳಿಯುವುದಿಲ್ಲ.

“ಶನಿವಾರ ಸಂಜೆಯೊಳಗೆ ಸಂಕ ಆಗ್ಬೇಕು,” ಎಂದ ಜತ್ತಪ್ಪ ಕಾಲನಿಗೆ ಬಂದು. “ಭಾನುವಾರ ಎಲ್ಲರೂ ಬರ್ಬೇಕಂತೆ, ಚಪ್ಪಾಳೆ ಹೊಡೀಲಿಕ್ಕೆ. ಸೇವಂತಿಯೂ ಬರ್ಬೇಕು. ಧಣಿ ಹೇಳಿದ್ದಾರೆ, ಅವಳಿಗೆ ಒಂದು ಸೀರೆ ಉಂಟು.”

“ಯಾವ ಬಣ್ಣದ್ದು?” ಎಂದು ಕೇಳಿದಳು ತಿಮ್ಮಕ್ಕ. “ಕೆಂಪಾ?”

ಜತ್ತಪ್ಪ ಬೆನ್ನು ತಿರುಗಿಸಿ ಹೋದ.

ಶನಿವಾರ ಹಾಡುಹಗಲಿನಲ್ಲಿ ಕೆಲಸ ನಡೆಯಿತು. ಬೇರೆ ಗಾಡಿ ಬಂದು ರಸ್ತೆ ಹಾಳು ಮಾಡಬಾರದೆಂದು ಧಣಿ ಎರಡೂ ಕೊನೆಗೆ ಬಿದಿರು ಅಡ್ಡ ಕಟ್ಟಿಸಿದ್ದ. ಜತ್ತಪ್ಪ ದೂರದ ಮಾವಿನ ನೆರಳಿನಲ್ಲಿ ಬೀಡಿ ಸೇದುತ್ತ ಕುಳಿತಿದ್ದ. ಸಂಕದ ಅಡಿಗೆ ಅವನು ಇಳಿಯುವುದಿಲ್ಲ. ಯಾವ ಮೇಸ್ತ್ರಿಯೂ ಇಳಿದದ್ದಿಲ್ಲ. ಕಾಲನಿಯವರು ನಿಂತ ನೀರು ಅದು, ಮೈಗೆ ತಾಗಬಾರದು.

ಹಳೆಯ ಮಣ್ಣು, ಕೊಳೆತ ಸೊಪ್ಪು, ಅಡಿಕೆ ಮರದ ಸೀಳು ತೆಗೆದಾಯಿತು. ದಿಮ್ಮಿಗಳು ಬರಿದಾಗಿ ಕಂಡವು. ಸೇವಂತಿ ಸೀರೆ ಎತ್ತಿ ಕಟ್ಟಿ ತೋಡಿಗೆ ಇಳಿದಳು. ಸೊಂಟದ ತನಕ ನೀರು. ಅಡಿಯೆಲ್ಲ ಕರಿಬಂಡೆ. ಅವಳು ನಡುವಿನ ದಿಮ್ಮಿಗೆ ಕೈ ಹಚ್ಚಿದಳು.

“ಇದನ್ನು ಎಳೆಯಿರಿ ಮಾವ.”

ಚನಿಯಪ್ಪ ಮೇಲಿನಿಂದ ನೋಡಿದ. “ಅದು ಗಟ್ಟಿ ಉಂಟು ಮಗಾ. ಬದಲಿಸುದು ಬೇಡ.”

“ಬದಲಿಸ್ಲಿಕ್ಕಲ್ಲ.”

ತೋಡಿನ ನೀರು ಹರಿಯುತ್ತಿತ್ತು. ಕಾಲನಿಯ ಸೀನ ಹಾರೆ ಹಿಡಿದವನು ಹಾಗೆಯೇ ನಿಂತ.

“ಬೋಜ ಕುಡಿದಿದ್ದ ಅಂತ ನನ್ನ ಬಾಯಲ್ಲೇ ಹೇಳಿಸಿದ್ರು,” ಎಂದಳು ಸೇವಂತಿ. ದನಿ ಏರಲಿಲ್ಲ. “ನೀವೆಲ್ಲ ಕೊಡ ಹಿಡ್ಕೊಂಡು ನಿಂತಿದ್ರಿ. ನಾನು ಯಾರಿಗೂ ಬಯ್ಲಿಲ್ಲ. ಈಗ ಎಳೆಯಿರಿ.”

ತಿಮ್ಮಕ್ಕ ಅಂಚಿನಲ್ಲಿ ಕುಕ್ಕರಗಾಲಲ್ಲಿ ಕುಳಿತು ಕೆಳಗೆ ನೋಡಿದಳು. “ಅಡಿಯಲ್ಲಿ ಬಂಡೆ ಉಂಟು ಮಾರಾಯ್ತಿ. ಬಿದ್ದವ ಏಳ್ಲಿಕ್ಕಿಲ್ಲ.”

“ಬೋಜ ಎದ್ನಾ?”

“ನಮ್ಮ ಮೇಲೆ ಬರ್ತದೆ. ಪೋಲೀಸು, ಕೋರ್ಟು.”

“ಸೊಪ್ಪು ಹೊತ್ತವನ ಮೇಲೆ ಜೀಪು ಬಂದದ್ದು. ಅದಕ್ಕಿಂತ ಹೆಚ್ಚು ಎಂತ ಬರ್ಲಿಕ್ಕುಂಟು?”

ಸೀನ ಮಾವಿನ ಮರದ ಕಡೆ ನೋಡಿದ. ಜತ್ತಪ್ಪ ಬೀಡಿ ಬಿಸಾಡಿ ಮುಖದ ಮೇಲೆ ಮುಂಡಾಸು ಎಳೆದುಕೊಂಡು ಒರಗಿದ್ದ.

ಚನಿಯಪ್ಪ ನಿಧಾನಕ್ಕೆ ತೋಡಿಗೆ ಇಳಿದ. ದಿಮ್ಮಿಯ ಒಂದು ತುದಿ ಹಿಡಿದ. ಸೀನನೂ ಇಳಿದ. ದಿಮ್ಮಿ ನರಳಿ ಜಾಗ ಬಿಟ್ಟಿತು. ಅದನ್ನು ನೀರಿನಲ್ಲೇ ಎಳೆದು ಕೇದಗೆಯ ಪೊದೆಯ ಅಡಿಗೆ ತಳ್ಳಿದರು. ಆಮೇಲೆ ಅದರ ಪಕ್ಕದ್ದು. ಆಮೇಲೆ ಇನ್ನೊಂದು. ಅಂಚಿನವು ಮಾತ್ರ ಉಳಿದವು.

ಅಡಿಕೆ ಮರದ ಸೀಳು ಹಾಸಿದರು. ಸೊಪ್ಪನ್ನು ಸೇವಂತಿ ಹಾಸಿದಳು. ಒಂದೊಂದೇ ಕೊಂಬೆ, ಎಲೆ ಮೇಲಾಗಿ, ಎಲ್ಲೂ ಸಂದಿಯಿಲ್ಲದಂತೆ. ಮೇಲೆ ಕೆಂಪು ಮಣ್ಣು ಬಿತ್ತು. ತಿಮ್ಮಕ್ಕ ಮೆಲ್ಲನೆ ಬಡಿದು ಗಟ್ಟಿ ಮಾಡಿದಳು.

ಸಂಜೆ ಜತ್ತಪ್ಪ ಬಂದು ಅಂಚಿನಲ್ಲಿ ನಿಂತು ನೋಡಿದ.

“ಚೆಂದ ಆಯ್ತು,” ಎಂದ. “ಬಿಟ್ಟಿ ಕೆಲಸ ಆದ್ರೂ ಮನಸ್ಸಿಟ್ಟು ಮಾಡಿದ್ದೀರಿ.”

*

ಭಾನುವಾರ ಬಿಸಿಲು ಚೆನ್ನಾಗಿತ್ತು. ಸಂಕದ ಎರಡೂ ಕಡೆ ಮಾವಿನೆಲೆಯ ತೋರಣ ಕಟ್ಟಿದ್ದರು. ಇಳಿಜಾರಿನ ತುದಿಯಲ್ಲಿ ಜೀಪುಗಳು ಸಾಲಾಗಿ ಗುರುಗುಟ್ಟುತ್ತಿದ್ದವು. ಎಲ್ಲಕ್ಕಿಂತ ಮುಂದೆ ದೇವದಾಸನ ಜೀಪು. ಪಕ್ಕದಲ್ಲಿ ಮೇದಪ್ಪ ಧಣಿ, ಕೊರಳಿಗೆ ಹೂವಿನ ಹಾರ. ಮೊದಲ ಓಟಕ್ಕೆ ತಾನೇ ಕೂರುತ್ತೇನೆಂದು ಹಟ ಮಾಡಿ ಕುಳಿತಿದ್ದನಂತೆ.

ಸಾಹೇಬ ಸಂಕದ ಬಳಿ ನಿಂತಿದ್ದ. ಅವನು ಕರವಸ್ತ್ರ ಬೀಸಿದರೆ ಆಟ ಶುರು. ಕಾಲನಿಯವರು ರಸ್ತೆಯಲ್ಲಿ ಗುಂಪಾಗಿ ನಿಂತಿದ್ದರು. ಸೇವಂತಿಯ ಕೈಯಲ್ಲಿ ಧಣಿ ಕೊಟ್ಟ ಸೀರೆ ಮಡಿಕೆ ಬಿಚ್ಚದೆ ಇತ್ತು.

“ಸಂಕ ಗಟ್ಟಿ ಇದೆಯೇನಮ್ಮ?” ಎಂದು ಕೇಳಿದ ಸಾಹೇಬ.

“ನಡೆಯುವವರಿಗೆ ಗಟ್ಟಿ ಉಂಟು ಸಾಯಬ್ರೆ.”

ಸಾಹೇಬ ನಕ್ಕ. ಬೂಟುಗಾಲಿನಲ್ಲಿ ಸಂಕದ ಆಚೆಯ ತನಕ ಹೋಗಿ ತಿರುಗಿ ಬಂದ. ನಡುವಿನಲ್ಲಿ ನಿಂತು ಒಮ್ಮೆ ಕುಟ್ಟಿಯೂ ನೋಡಿದ. ಸ್ವಲ್ಪ ಮಣ್ಣು ಉದುರಿ ನೀರಿಗೆ ಬಿದ್ದ ಸದ್ದು ಜೀಪುಗಳ ಸದ್ದಿನಲ್ಲಿ ಅವನಿಗೆ ಕೇಳಿಸಲಿಲ್ಲ. ಸೇವಂತಿಗೆ ಕೇಳಿತು.

“ಒಳ್ಳೇ ಗಟ್ಟಿ ಇದೆ!” ಎಂದು ಕೂಗಿ ಅವನು ಕರವಸ್ತ್ರ ಬೀಸಿದ.

ಜೀಪು ಇಳಿಜಾರಿನಲ್ಲಿ ನುಗ್ಗಿತು. ಧೂಳಿನ ಮುಂದೆ ಧಣಿಯ ಹಾರ ಹಾರುತ್ತಿತ್ತು. ಅವನು ಒಂದು ಕೈಯಲ್ಲಿ ಕಂಬಿ ಹಿಡಿದು ಇನ್ನೊಂದು ಕೈ ಬೀಸುತ್ತ ಎದ್ದು ನಿಂತ.

“ಇಳೀರಿ ಬೇವರ್ಸಿಗಳೇ! ಕೆಳಗೆ ಇಳೀರಿ!”

ಎಲ್ಲರೂ ಇಳಿದರು. ಸೀನ ಇಳಿದ, ತಿಮ್ಮಕ್ಕ ಇಳಿದಳು. ಚನಿಯಪ್ಪ ಕೆಳಬದಿಯಲ್ಲಿ ನಿಂತು, ಅಭ್ಯಾಸದಂತೆ, ಎರಡೂ ಕೈ ಮುಗಿದ.

ಕೊನೆಗೆ ಸೇವಂತಿ ಇಳಿದಳು. ಅವಳು ಕೈ ಮುಗಿಯಲಿಲ್ಲ. ತಲೆಯನ್ನೂ ತಗ್ಗಿಸಲಿಲ್ಲ. ದೇವದಾಸ ಅವಳನ್ನು ನೋಡಿದ. ಈ ಸಲ ಅಡ್ಡಕ್ಕೆ ಸೊಪ್ಪು ಇರಲಿಲ್ಲ. ಮುಖ ಪೂರ್ತಿ ಕಾಣುತ್ತಿತ್ತು. ಆ ಮುಖದಲ್ಲಿ ಏನು ಕಂಡನೋ, ಅವನ ಕಾಲು ಬ್ರೇಕಿಗೆ ಹೋಯಿತು.

ಮುಂದಿನ ಚಕ್ರ ಆಗಲೇ ಹೊಸ ಮಣ್ಣಿನ ಮೇಲಿತ್ತು.