ಒಂದೇ ಚುಕ್ಕಿಯ ಹೀಟರ್

ಗುರುಸಾಮಿ ಕದ ತಟ್ಟಲಿಲ್ಲ, ಒದ್ದ. ಎರಡನೆಯ ಒದೆತಕ್ಕೆ ಚಿಲಕ ಕಿತ್ತು ಬಂತು.

ತಮಿಳು ಸೀಮೆಯ ನೆಗಮಂನಲ್ಲಿ, ಮನೆಯಲ್ಲಿ ಕನ್ನಡ ಆಡುವ ನೇಕಾರರ ಕೇರಿಯಲ್ಲಿ, ಅಪ್ಪನ ಮಗ್ಗಗಳನ್ನು ಮಾರಿ, ಬಕೆಟ್ಟಿನಲ್ಲಿ ನೀರು ಕಾಯಿಸುವ ಹೀಟರ್ ರಾಡುಗಳ ವ್ಯಾಪಾರಕ್ಕೆ ಇಳಿದವನು ಅವನು. ರಾಡು ಜೋಡಿಸುವುದು, ಇಂಟರ್‌ನೆಟ್ಟಿನಲ್ಲಿ ಮಾರುವುದು ಎಲ್ಲ ಹೆಂಡತಿ ಶಾರದಳ ತಮ್ಮ ರಾಮ್‌ಕುಮಾರನ ಕೆಲಸ. ಕೊಂಡವರು ಬರೆದ ಮೆಚ್ಚುಗೆಯನ್ನು ರಾಮ್‌ಕುಮಾರ್ ದಿನವೂ ಓದಿ ಹೇಳುತ್ತಿದ್ದ. ಅದನ್ನು ಕೇಳಿ ಗುರುಸಾಮಿ ಬೀಗಿಹೋಗಿದ್ದ. ೨೦೦೯ರ ಮಾರ್ಗಳಿ ತಿಂಗಳ ಚಳಿಗೆ ಮಾಲು ಸಾಲದಾಗಿತ್ತು.

ಆಗ ಬಂತು ಭೂಮಿ ಎಂಬವಳ ಬರಹ. ಐದರಲ್ಲಿ ಒಂದೇ ಚುಕ್ಕಿ. 'ಈ ರಾಡು ಮನುಷ್ಯರನ್ನು ಕೊಲ್ಲುತ್ತದೆ. ನನ್ನ ಕೈ ಸುಟ್ಟಿದೆ. ಯಾರೂ ಕೊಳ್ಳಬೇಡಿ.' ಅಲ್ಲಿಗೆ ಆರ್ಡರುಗಳು ನಿಂತವು.

"ಎದುರಾಳಿ ಕಂಪನಿಯವರು ಬರೆಸಿರೋದು ಬಾವ," ಎಂದ ರಾಮ್‌ಕುಮಾರ್. ಭೂಮಿಗೆ ಮಾಲು ಕಳಿಸಿದ ವಿಳಾಸ ಅವನ ಬಳಿಯೇ ಇತ್ತು. ಗುರುಸಾಮಿ ಶೆಡ್ಡಿನಿಂದ ಹೊಸ ರಾಡೊಂದನ್ನು ಚೀಲಕ್ಕೆ ಹಾಕಿಕೊಂಡು ಬಸ್ಸು ಹತ್ತಿ, ಅವಳಿದ್ದ ಉಕ್ಕಡಂನಲ್ಲಿ ಇಳಿದಿದ್ದ.

ಒಳಗೆ ಹುಡುಗಿ ಒಬ್ಬಳೇ ಇದ್ದಳು. ಎಡಗೈಗೆ ಬ್ಯಾಂಡೇಜು. ಗುರುಸಾಮಿ ಅವಳ ಜಡೆ ಹಿಡಿದು ತಲೆಯನ್ನು ಗೋಡೆಗೆ ಅಪ್ಪಳಿಸಿದ. "ಅಮ್ಮಾ! ಯಾರ್ರೀ ನೀವು? ಬಿಡ್ರೀ!" ಎಂದು ಅವಳು ಕಿರುಚಿದಳು.

ಕನ್ನಡ ಕೇಳಿ ಅವನ ಕೈ ಒಂದು ಗಳಿಗೆ ಸಡಿಲಾಯಿತು. ಮರುಕ್ಷಣವೇ ಇನ್ನಷ್ಟು ಬಿಗಿಯಿತು.

"ನಮ್ಮ ಮಾತು ಆಡೋಳಾ ನೀನು? ನೀನೇ ನನ್ನ ಪೊಳಪ್ಪಿಗೆ, ಹೊಟ್ಟೆಪಾಡಿಗೆ ಮಣ್ಣು ಹಾಕ್ದ್ಯಾ? ಎಷ್ಟು ಕಾಸು ಕೊಟ್ಟರು ಆ ಸುಳ್ಳು ಎಳುದೋಕೆ? ಅಳಿಸು ಅದನ್ನ!"

"ಸುಳ್ಳು ಬರೆದಿಲ್ಲ. ಅಳಿಸಲ್ಲ."

ಕೆನ್ನೆಗೆ ಬಾರಿಸಿದ. ಅವಳು ಅವನ ಮುಂಗೈಗೆ ರಕ್ತ ಬರುವಂತೆ ಕಚ್ಚಿದಳು. ನೋವಿಗಿಂತ ಅವಳ ಹಟ ಅವನನ್ನು ಕೆರಳಿಸಿತು. ಅವಳನ್ನು ಬಚ್ಚಲಿಗೆ ಎಳೆದುಕೊಂಡು ಹೋದ. ತುಂಬಿದ ಬಕೆಟ್ಟಿಗೆ ಹೊಸ ರಾಡನ್ನು ಇಳಿಬಿಟ್ಟು ಸ್ವಿಚ್ ಒತ್ತಿದ.

"ನೋಡು ಚೆನ್ನಾಗಿ! ಇದು ಕೊಲ್ಲುತ್ತಾ?"

"ಬೇಡ, ಕೈ ಹಾಕ್ಬೇಡಿ!" ಎಂದು ಅವಳು ಕೂಗುವಷ್ಟರಲ್ಲಿ ಅವನ ಬಲಗೈ ನೀರಿನೊಳಗಿತ್ತು.

ಒದ್ದೆ ನೆಲದ ಮೇಲೆ ಬರಿಗಾಲು. ಮೈಯೆಲ್ಲ ಸೆಟೆದು, ಬೆರಳುಗಳು ತಾವಾಗಿಯೇ ರಾಡನ್ನು ಕಚ್ಚಿ ಹಿಡಿದವು. ಕೂಗಲು ಬಾಯಿ ತೆರೆಯಲಿಲ್ಲ. ತನ್ನದೇ ಚರ್ಮ ಬೇಯುವ ವಾಸನೆ ಮೂಗಿಗೆ ಬಡಿಯಿತು. ಭೂಮಿ ಹಾರಿ ಹೋಗಿ ಸ್ವಿಚ್ ಆರಿಸಿದಳು. ಅವನು ಮರದ ದಿಮ್ಮಿಯಂತೆ ಉರುಳಿದ.

ಸದ್ದು ಕೇಳಿ ಓಡಿಬಂದ ಅಕ್ಕಪಕ್ಕದವರು, ಅವಳ ಹಣೆಯ ರಕ್ತ ನೋಡಿ, ಬಿದ್ದವನನ್ನೇ ತುಳಿಯತೊಡಗಿದರು. ಪಕ್ಕೆಲುಬು ಮುರಿದದ್ದು ಅವನಿಗೇ ಕೇಳಿಸಿತು. "ಸಾಕು, ಸತ್ತೇ ಹೋಗ್ತಾನೆ!" ಎಂದು ಭೂಮಿ ಅಡ್ಡ ಬಂದಳು.

ಸರ್ಕಾರಿ ಆಸ್ಪತ್ರೆಯಲ್ಲಿ ಎರಡು ಬೆರಳು ತೆಗೆದರು. ಮಂಚದ ಪಕ್ಕ ಪೊಲೀಸಿನವನು ಕೂತಿದ್ದ. ಶಾರದ ತಮ್ಮನನ್ನು ಕರೆದುಕೊಂಡು ಬಂದಳು.

"ಅಷ್ಟು ಜನ ಚೆನ್ನಾಗಿದೆ ಅಂತ ಎಳುದಿದ್ದರಲ್ಲೋ?" ಎಂದು ಗುರುಸಾಮಿ ಕೇಳಿದ.

ರಾಮ್‌ಕುಮಾರ್ ನೆಲ ನೋಡಿದ. "ಯಾರೂ ಎಳುದಲಿಲ್ಲ ಬಾವ. ಎಲ್ಲಾ ನಾನೇ, ಬೇರೆ ಬೇರೆ ಪೇರಲ್ಲಿ, ಕಳ್ಳ ಹೆಸರಲ್ಲಿ. ಒಳಗಿನ ಸಾಮಾನು ಕಮ್ಮಿ ರೇಟಿಂದು ಹಾಕಿದ್ದೆ. ಏನೂ ಆಗಲ್ಲ ಅಂದ್ಕೊಂಡೆ."

ಗುರುಸಾಮಿ ಎಡಗೈಗೆ ಸಿಕ್ಕ ಹಿತ್ತಾಳೆ ಚೊಂಬಿನಿಂದ ಅವನ ಮುಖಕ್ಕೆ ಹೊಡೆದ. ಮೂಗಿನ ಮೂಳೆ ಲಟಕ್ಕೆಂದಿತು. ಇನ್ನೊಮ್ಮೆ ಎತ್ತಿದ ಕೈಗೆ ಶಾರದ ಜೋತುಬಿದ್ದಳು. ಪೊಲೀಸಿನವನು ಚೊಂಬು ಕಿತ್ತುಕೊಂಡ.

ಏದುಸಿರು ಬಿಡುತ್ತಾ ಗುರುಸಾಮಿ, "ಕೊಂಡೋರ ಫೋನ್ ನಂಬರ್ ಇದೆಯಲ್ಲ, ಹೇಳು ಒಂದೊಂದಾಗಿ," ಎಂದ. ರಾಮ್‌ಕುಮಾರ್ ರಕ್ತ ಒರೆಸಿಕೊಳ್ಳುತ್ತಾ ಮೊಬೈಲು ನೋಡಿ ಹೇಳಿದ. ಶಾರದ ನಂಬರ್ ಒತ್ತಿ ಗಂಡನ ಕಿವಿಗೆ ಹಿಡಿದಳು.

ವೆಳ್ಳಕೋಯಿಲಿನ ಹೆಂಗಸೊಬ್ಬಳು ಎತ್ತಿದಳು. ಗುರುಸಾಮಿ ತಮಿಳಿನಲ್ಲಿ ವಿಷಯ ಹೇಳುವಷ್ಟರಲ್ಲಿ, "ಅಯ್ಯಯ್ಯೋ, ಈಗಷ್ಟೇ ಹಾಕಿದ್ದೀನಿ," ಎಂದು ಫೋನು ಅಲ್ಲೇ ಬಿಟ್ಟು ಓಡಿದಳು. ಮಗುವನ್ನು ಕೂಗುವ ದನಿ, ಪಾತ್ರೆ ಉರುಳಿದ ಸದ್ದು, ಆಮೇಲೆ ಏನೂ ಇಲ್ಲ. ಗುರುಸಾಮಿ ಉಸಿರು ಹಿಡಿದು ಕಾದ.

ಕೊನೆಗೆ ಅವಳು ಮರಳಿ ಬಂದಳು. ಅವನ ಹುಟ್ಟು, ವಂಶ ಎಲ್ಲವನ್ನೂ ಜಾಲಾಡಿಸಿ ಬೈದಳು. ಅಷ್ಟನ್ನೂ ಕೇಳಿಸಿಕೊಂಡ ಅವನು, ಮುಂದಿನ ನಂಬರ್ ಒತ್ತುವಂತೆ ಹೆಂಡತಿಗೆ ಸನ್ನೆ ಮಾಡಿದ.