ಗೋಧಿ ಉಂಡ ಹುಡುಗಿ

ನಾನು ಒಂದು ಎಂಡೋಸ್ಕೋಪ್. ರೋಗಿಯ ಬಾಯೊಳಗಿಂದ ಇಳಿದು ಹೊಟ್ಟೆಯನ್ನು ನೋಡುವ ಕಪ್ಪು ಕೊಳವೆ. ಜಪಾನಿನ ಕಾರ್ಖಾನೆಯೊಂದರಲ್ಲಿ ಕೂದಲಿಗಿಂತ ಸಣ್ಣ ಗಾಜಿನ ಎಳೆಗಳನ್ನು ಕಟ್ಟುಕಟ್ಟಾಗಿ ಜೋಡಿಸಿ ನನ್ನನ್ನು ಮಾಡಿದರು. ಹಡಗಿನಲ್ಲಿ ಮುಂಬಯಿಗೆ, ಅಲ್ಲಿಂದ ರೈಲಿನಲ್ಲಿ ಹುಬ್ಬಳ್ಳಿಗೆ ಬಂದೆ.

ನನ್ನ ಪೆಟ್ಟಿಗೆ ತೆರೆದವರು ಡಾಕ್ಟರ್ ಇಂದುಧರ ಪಟ್ಟೇದ. ಜೀರ್ಣಾಂಗದ ಕಾಯಿಲೆ, ಪೋಷಣೆ ಎರಡನ್ನೂ ಓದಿ ಬಂದಿದ್ದ ತರುಣ. ಮೊದಮೊದಲು ಅವರು ನನ್ನನ್ನು ಮುಟ್ಟುವ ಮುಂಚೆ ರೋಗಿಯನ್ನು ಕೂಡಿಸಿಕೊಂಡು, ಬೆಳಗಿನ ಚಹಾದಿಂದ ಹಿಡಿದು ರಾತ್ರಿಯ ಮಜ್ಜಿಗೆಯ ತನಕ ಎಲ್ಲ ಕೇಳುತ್ತಿದ್ದರು. ಎಷ್ಟೋ ಸಲ ನನ್ನ ಅಗತ್ಯವೇ ಬೀಳುತ್ತಿರಲಿಲ್ಲ. ಆಮೇಲೆ ಅವರ ಹೆಸರು ಊರೂರಿಗೆ ಹಬ್ಬಿತು. ಹೊರಗಿನ ಬೆಂಚುಗಳು ತುಂಬಿ ಜನ ಮೆಟ್ಟಿಲ ಮೇಲೆ ಕೂತರು. ಮಾತು ಕಡಿಮೆಯಾಯಿತು, ನನ್ನ ಕೆಲಸ ಹೆಚ್ಚಿತು.

ಅಂಥ ಒಂದು ದಿನ ನವಲಗುಂದದ ಗಂಗವ್ವ ಮಗಳು ಸುವರ್ಣಾಳನ್ನು ಕರೆತಂದಳು. ಕಡ್ಡಿಯಂಥ ಕೈಕಾಲು, ಉಬ್ಬಿದ ಹೊಟ್ಟೆ, ಬಿಳಿಚಿದ ಮುಖ.

"ಉಂಡದ್ದು ಮೈಗೆ ಹತ್ತಂಗಿಲ್ರಿ ಸಾಹೇಬ್ರ. ಯಾವಾಗ್ಲೂ ಜುಲಾಬ," ಅಂದಳು ಗಂಗವ್ವ.

ಡಾಕ್ಟರು ನನ್ನನ್ನು ಆ ಮಗುವಿನ ಜಠರದವರೆಗೆ ಇಳಿಸಿದರು. ಅಲ್ಲಿ ಹುಣ್ಣಿರಲಿಲ್ಲ. ಸಣ್ಣಕರುಳಿನ ಬಾಯಿ ಎದುರಿಗೇ ಇತ್ತು. ಅಷ್ಟರಲ್ಲಿ ಹೊರಗೆ ಯಾರೋ ಸರದಿಗಾಗಿ ಜಗಳ ತೆಗೆದರು. ಡಾಕ್ಟರು ಅದರೊಳಗೆ ನೋಡದೆಯೇ ನನ್ನನ್ನು ಹಿಂದಕ್ಕೆ ಎಳೆದುಕೊಂಡರು.

"ಏನೂ ಇಲ್ಲವ್ವ, ಬರೇ ಅಶಕ್ತಿ. ಜೋಳದ ರೊಟ್ಟಿ ಬಿಡಿಸು. ಗೋಧಿ ಚಪಾತಿ, ಗೋಧಿ ಗಂಜಿ ಕೊಡು. ಮೈ ತುಂಬಿಕೊಳ್ತಾಳ."

ಗಂಗವ್ವ ಕೈ ಮುಗಿದು ಹೋದಳು.

ವರ್ಷಗಳು ಉರುಳಿದವು. ಡಾಕ್ಟರ ಕೂದಲು ನರೆಯಿತು. ಗೋಧಿಯೇ ಕೆಲವರ ಕರುಳನ್ನು ಸವೆಸುತ್ತದೆ, ಆ ಕಾಯಿಲೆ ನಮ್ಮಲ್ಲೂ ಇದೆ ಎಂದು ದೊಡ್ಡ ಸಮ್ಮೇಳನವೊಂದರಲ್ಲಿ ಕೇಳಿ ಬಂದ ಮೇಲೆ ಅವರು ಹಲವು ದಿನ ಮಂಕಾಗಿದ್ದರು. ಯಾರು ನೆನಪಾಗಿದ್ದರೋ ನನಗೆ ಆಗ ತಿಳಿಯಲಿಲ್ಲ.

ತಿಳಿದದ್ದು ಗಂಗವ್ವ ಮತ್ತೆ ಬಾಗಿಲಲ್ಲಿ ನಿಂತಾಗ. ಜೊತೆಗಿದ್ದ ಸುವರ್ಣಾ ಇಪ್ಪತ್ತು ದಾಟಿದ್ದಳು, ನೋಡಲು ಇನ್ನೂ ಸಾಲೆ ಹುಡುಗಿ. ಮೆಟ್ಟಿಲು ಹತ್ತಿದ್ದಕ್ಕೇ ಏದುಸಿರು.

"ನೀವು ಹೇಳಿದಂಗ ಮಾಡೇನ್ರಿ. ನಾವೆಲ್ಲಾ ರೊಟ್ಟಿ ತಿಂದ್ರೂ ಈಕಿಗೊಬ್ಬಾಕಿಗೆ ಚಪಾತಿ ತಪ್ಪಿಸಿಲ್ಲ. ಆದ್ರೂ ಹಿಂಗದಾಳ ನೋಡ್ರಿ."

ಡಾಕ್ಟರು ಸುವರ್ಣಾಳನ್ನು ಮೇಜಿನ ಮೇಲೆ ಮಲಗಿಸಿದರು. ಈ ಸಲ ನನ್ನನ್ನು ಸಣ್ಣಕರುಳಿನ ತನಕ ನಿಧಾನವಾಗಿ ನಡೆಸಿದರು. ಮಡಿಕೆ ಮಡಿಕೆಯಾಗಿ ಇರಬೇಕಾದ ಒಳಗೋಡೆ ಸವೆದು ಚಪ್ಪಟೆಯಾಗಿತ್ತು. ಪರೀಕ್ಷೆಗೆಂದು ಅದರದೊಂದು ಚೂರು ತೆಗೆದರು.

ವರದಿ ಬಂದ ದಿನ ಅವರು ತಾಯಿ ಮಗಳನ್ನು ಎದುರಿಗೆ ಕೂಡಿಸಿಕೊಂಡು ಎಲ್ಲವನ್ನೂ ಬಿಡಿಸಿ ಹೇಳಿದರು. ಗಂಗವ್ವ ತನ್ನ ಅಂಗೈಗಳನ್ನು ನೋಡಿಕೊಂಡಳು.

"ಹಂಗಾರ ನನ್ನ ಕೈಯಾರೆ ನಾನ ವಿಷ ಹಾಕಿದ್ನೇನ್ರಿ?"

"ನೀನಲ್ಲವ್ವಾ. ನಾನು."

ಗಂಗವ್ವನಿಗೆ ಅದು ಕೇಳಿಸಿದಂತೆ ಕಾಣಲಿಲ್ಲ. ಸುವರ್ಣಾ ತಾಯಿಯ ಹೆಗಲು ಹಿಡಿದು ಎಬ್ಬಿಸಿಕೊಂಡು ಹೋದಳು. ಡಾಕ್ಟರ ಕಡೆ ತಿರುಗಿ ನೋಡಲಿಲ್ಲ.

ಗೋಧಿ ಬಿಟ್ಟ ಮೇಲೆ ಹುಡುಗಿ ಚೇತರಿಸಿಕೊಂಡಳು. ಮುಂದಿನ ಸಲ ಬಂದಾಗ ಕೆನ್ನೆ ತುಂಬಿತ್ತು. ಹೊರಡುವಾಗ ಸಂಕೋಚದಿಂದ ಕೇಳಿದಳು: "ನಾ ಇನ್ನು ಎತ್ತರ ಆಗ್ತೀನೇನ್ರಿ?"

"ಇಲ್ಲವ್ವ," ಅಂದರು ಡಾಕ್ಟರು. "ಆ ವಯಸ್ಸು ದಾಟಿ ಹೋತು."

ಅಂದಿನಿಂದ ಅವರು ರೋಗಿಗಳನ್ನು ಕಡಿಮೆ ಮಾಡಿಕೊಂಡು, ಮೊದಲಿನಂತೆ ಕೂತು ಊಟದ ವಿಚಾರ ಕೇಳತೊಡಗಿದರು. ಟಿ.ವಿ. ಪರದೆಯ ಹೊಸ ಯಂತ್ರಗಳು ಬಂದವು. ನನ್ನ ಎಳೆಗಳು ಒಂದೊಂದಾಗಿ ಮುರಿದು, ಕಾಣುವ ಚಿತ್ರದಲ್ಲೆಲ್ಲ ಕಪ್ಪು ಚುಕ್ಕೆ ಬಿದ್ದವು. ಕೊನೆಗೆ ಅವರೇ ನನ್ನನ್ನು ವೈದ್ಯಕೀಯ ಕಾಲೇಜೊಂದಕ್ಕೆ ಒಪ್ಪಿಸಿದರು.

ಈಗ ನಾನು ಗಾಜಿನ ಕಪಾಟಿನಲ್ಲಿದ್ದೇನೆ. ವಿದ್ಯಾರ್ಥಿಗಳು ನನ್ನ ಭಾಗಗಳ ಹೆಸರು ಬಾಯಿಪಾಠ ಮಾಡುತ್ತಾರೆ. ನನ್ನನ್ನು ಒಪ್ಪಿಸಿಕೊಂಡ ದಿನ ಪ್ರಿನ್ಸಿಪಾಲರು, "ಇದರಿಂದ ಎಷ್ಟು ಜನರನ್ನ ಉಳಿಸೀರಿ ಸರ್!" ಎಂದು ಹೊಗಳಿದ್ದರು. ಡಾಕ್ಟರು ನಕ್ಕಿರಲಿಲ್ಲ. ಕಪಾಟಿನ ಬಾಗಿಲನ್ನು ತಾವೇ ಮೆಲ್ಲಗೆ ಮುಚ್ಚಿ, ತಮಗೆಂದು ತರಿಸಿಟ್ಟಿದ್ದ ಸನ್ಮಾನದ ಹಾರಕ್ಕೂ ಕಾಯದೆ ಹೊರಟುಹೋದರು.