ನೆಟ್ಟಗೆ ಕೂತ ಕುದುರೆ

ಅಪ್ಪನ ಗಿಟಾರು ಮೊದಲು ಇನ್ಯಾರದೋ ಆಗಿತ್ತು. ಕೈಯಲ್ಲೇ ಕೆತ್ತಿ ಮಾಡಿದ್ದು. ಪಿಟೀಲಿನ ಹಾಗೆ ಉಬ್ಬಿದ ಎದೆ, ಬೇರೆಯವಕ್ಕೆ ಆರು ತಂತಿಯಾದರೆ ಇದಕ್ಕೆ ಏಳು. ಹಳೆಯ ಯಜಮಾನನ ಹೆಬ್ಬೆರಳು ಉಜ್ಜಿ ಉಜ್ಜಿ ಕುತ್ತಿಗೆಯ ಬಣ್ಣ ಹೋಗಿತ್ತು. ಏಳನೆಯ ದಪ್ಪ ತಂತಿಯೊಳಗೆ ರಾಕ್ಷಸ ಮಲಗಿದ್ದಾನೆ, ಮುಟ್ಟಬೇಡ ಎಂದು ಅಜ್ಜಿ ಹೆದರಿಸುತ್ತಿದ್ದಳು. ಆ ರಾಕ್ಷಸನೇ ನಮಗೆ ಅನ್ನ ಹಾಕಿದ್ದು. ಹೋಟೆಲಿನ ವಾದ್ಯತಂಡದಲ್ಲಿ ಮಂದ್ರಸ್ವರ ಹಿಡಿಯಲು ಬೇರೆ ಆಳೇ ಬೇಕಿರಲಿಲ್ಲ.

ದೊಡ್ಡ ಜ್ವರ ಬಂದು ಹೋದ ಮೇಲೆ ಅಪ್ಪನ ಕಿವಿ ಮಂದವಾಗಿದೆಯೆಂದು ತಂಡದ ಮುಖ್ಯಸ್ಥರಿಗೆ ಗುಮಾನಿ. ಇವತ್ತು ಸಂಜೆ ನುಡಿಸಿ ತೋರಿಸಬೇಕು. ತಪ್ಪಿದರೆ ಕೆಲಸ ಹೋಯಿತು. ಅಪ್ಪ ನಕ್ಕುಬಿಟ್ಟಿದ್ದ. ಕಿವಿ ನೆಟ್ಟಗಿದೆಯಂತೆ, ಊರಿನವರೆಲ್ಲ ಪಿಸುಗುಟ್ಟುವುದು ಕಲಿತಿದ್ದಾರಂತೆ.

ಅಪ್ಪನ ಅಕ್ಕ ಮನೆಯಲ್ಲೇ ಬಟ್ಟೆ ಹೊಲಿಯುತ್ತಾಳೆ. ಹೊಲಿಗೆ ಒಂದೆಳೆ ವಾಲಿದರೂ ಬಿಚ್ಚಿ ಮತ್ತೆ ಹಾಕುವವಳು. ಬೆಳಿಗ್ಗೆ ಅಪ್ಪ ಕ್ಷೌರಕ್ಕೆ ಹೋದಾಗ ಅವನ ಅಂಗಿ ಇಸ್ತ್ರಿ ಮಾಡಿ, ಗಿಟಾರನ್ನೂ ಒರೆಸಿಡೋಣವೆಂದು ಕೂತಳು. ಅಪ್ಪ ಯಾವತ್ತೂ ಒಂದು ತಂತಿ ಬಿಚ್ಚಿದರೆ ಹೊಸದನ್ನು ಬಿಗಿದೇ ಇನ್ನೊಂದಕ್ಕೆ ಕೈ ಹಾಕುತ್ತಿದ್ದ. ತಂತಿಗಳನ್ನು ಹೊರುವ ಮರದ ಕುದುರೆಗೆ ಅಂಟಿಲ್ಲ. ತಂತಿಗಳ ಒತ್ತೇ ಅದನ್ನು ಹಿಡಿದಿಡುತ್ತದೆ. ಅತ್ತೆ ಎಲ್ಲವನ್ನೂ ಒಟ್ಟಿಗೆ ಬಿಚ್ಚಿದಳು. ಕುದುರೆ ಕೈಗೇ ಬಂತು. ಮುರಿಯಿತೆಂದು ಗಾಬರಿಯಾಗಿ ಬಡಗಿಯ ಅಂಟು ತಂದಳು. ಅದು ಕೂತಿದ್ದ ಗುರುತು ಓರೆಯಾಗಿ ಕಂಡಿತು. ಅಳತೆಪಟ್ಟಿ ಇಟ್ಟು, ನೆಟ್ಟಗೆ ಕೂರಿಸಿದಳು.

ನಾನು ಮಧ್ಯಾಹ್ನ ಬರುವ ಹೊತ್ತಿಗೆ ಅಂಟು ಕಲ್ಲಾಗಿತ್ತು. ಕಿತ್ತರೆ ಎದೆಯ ಮರವೇ ಬರುತ್ತದೆ.

"ಇಷ್ಟು ವರ್ಷ ಸೊಟ್ಟಗಿತ್ತಲ್ಲೋ, ಕಣ್ಣು ಬಾಡಿಗೆಗೆ ಕೊಟ್ಟಿದ್ಯಾ?" ಎಂದು ಅತ್ತೆ ಅಪ್ಪನನ್ನು ಛೇಡಿಸಿ, ನಗುತ್ತಾ ಒಳಗೆ ಹೋದಳು.

ಅಪ್ಪ ಗಿಟಾರನ್ನು ತೊಡೆಯ ಮೇಲೆ ಎಳೆದುಕೊಂಡ. ತಂತಿಗಳನ್ನು ಬಿಗಿದು, ಶ್ರುತಿಯಂತ್ರದ ದೀಪ ನೋಡಿಕೊಂಡೇ ಶ್ರುತಿ ಮಾಡಿದ. ನುಡಿಸಿದ. ಬರಿಯ ತಂತಿಗಳು ಸರಿಯಿದ್ದವು. ಬೆರಳು ಒಡಲಿನತ್ತ ಇಳಿದಂತೆ ಸ್ವರಗಳು ಒಂದಕ್ಕೊಂದು ಮುಖ ತಿರುಗಿಸಿದವು. ಅಪ್ಪ ಗಿಟಾರನ್ನು ನೋಡುತ್ತಿರಲಿಲ್ಲ, ನನ್ನ ಮುಖವನ್ನೇ ನೋಡುತ್ತಿದ್ದ.

"ಓರೆಯಾಗಿ ಕೂರಿಸಿದ್ದೇ ಸ್ವರ ಸರಿಯಾಗಲೆಂದು. ಕುದುರೆ ಜರುಗಿದ ಮೇಲೆ ಸ್ವರ ತಪ್ಪಲೇಬೇಕು. ತುಂಬಾ ತಪ್ಪಿದೆಯಾ?"

ಪಕ್ಕದ ಬೀದಿಯಲ್ಲಿ ಯಾರೋ ಅಪಸ್ವರ ಹಾಡಿದರೆ ಕಿಟಕಿ ಮುಚ್ಚುತ್ತಿದ್ದ ಮನುಷ್ಯ. ನಾನು ಹೌದೆಂದು ತಲೆಯಾಡಿಸಿದೆ. ಬೇರೆ ಗಿಟಾರು ಕೇಳಿ ತರೋಣವೆಂದೆ. ಎರಡು ಸಲ ಹೇಳಬೇಕಾಯಿತು.

"ಇದರ ದಪ್ಪ ತಂತಿಯ ಅದುರು ಪಕ್ಕೆಲುಬಿಗೆ ತಾಗ್ತಿತ್ತು ಪುಟ್ಟೀ. ಅದನ್ನೇ ಹಿಡ್ಕೊಂಡು ಮೇಲಿನ ಸ್ವರಗಳನ್ನ ಅಂದಾಜಿನ ಮೇಲೆ ನುಡಿಸ್ತಿದ್ದೆ. ಬೇರೆಯದರಲ್ಲಿ ನನಗೆ ದಾರಿ ಗೊತ್ತಾಗಲ್ಲ." ಗಿಟಾರನ್ನು ಪೆಟ್ಟಿಗೆಯೊಳಗಿಟ್ಟು, "ಅವರಿಗೆ ನೀನೇ ಫೋನ್ ಮಾಡಿಬಿಡು. ನನಗೆ ಫೋನೂ ಕೇಳಿಸಲ್ಲ. ಅಕ್ಕನಿಗೆ ಮಾತ್ರ ಹೇಳ್ಬೇಡ."

ನಾನು ಹಿತ್ತಿಲಿಗೆ ಹೋಗಿ ಮುಖ್ಯಸ್ಥರಿಗೆ ಫೋನ್ ಮಾಡಿ, ಅಪ್ಪ ಇನ್ನು ನುಡಿಸಲು ಬರುವುದಿಲ್ಲವೆಂದು ಹೇಳಿದೆ. ಅವರು ಹೆಚ್ಚೇನೂ ಕೇಳಲಿಲ್ಲ. ಒಳಗೆ ಬಂದಾಗ ಅಪ್ಪ ಇಸ್ತ್ರಿ ಮಾಡಿದ ಅಂಗಿ ತೊಟ್ಟು ನಿಂತಿದ್ದ. ಅತ್ತೆ ಅವನ ಕಾಲರು ಸರಿಮಾಡುತ್ತಾ, ಬರುವಾಗ ತಡವಾದರೆ ಊಟ ಮುಚ್ಚಿಡುತ್ತೇನೆ ಎನ್ನುತ್ತಿದ್ದಳು. ಅಪ್ಪ ಅವಳ ತುಟಿಗಳನ್ನು ನೋಡಿ ಹೂಂಗುಟ್ಟಿದ. ಗಿಟಾರಿನ ಪೆಟ್ಟಿಗೆ ಹೊತ್ತು ಹೊರಟ.